ಬಿಳೇಕಹಳ್ಳಿಯ ಮೇಜಿನ ಮೇಲೊಂದು ಲಿಬರೇಟರ್

ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಬಿ-24 ಲಿಬರೇಟರ್ ಬಾಂಬರಿನ ರೆಕ್ಕೆ ತುದಿಯಿಂದ ತುದಿಗೆ 110 ಅಡಿ. ಅದನ್ನು ಮೂವತ್ತೆರಡನೇ ಒಂದು ಪಾಲಿಗೆ ಇಳಿಸಿದ ಮೇಲೂ ಸುಮಾರು 105 ಸೆಂಟಿಮೀಟರ್ ಉಳಿಯುತ್ತದೆ. ಮೂತಿಯಿಂದ ಬಾಲದವರೆಗೆ 64 ಸೆಂಟಿಮೀಟರ್. ಬನ್ನೇರುಘಟ್ಟ ರಸ್ತೆಯ ಪಕ್ಕದ ಬಿಳೇಕಹಳ್ಳಿಯಲ್ಲಿ, ಎರಡು ಬೆಡ್‌ರೂಮಿನ ಮನೆಯೊಳಗೆ ಇಂಥದ್ದೊಂದು ಪ್ಲಾಸ್ಟಿಕ್ ಮಾದರಿಯನ್ನು ಕಟ್ಟಲು ಹೊರಟವರು ಮೊದಲು ಬಿಡಿಸಬೇಕಾದದ್ದು ಜಾಗದ ಲೆಕ್ಕ. ಷೋಕೇಸಿನಲ್ಲಿ ಇದು ಹಿಡಿಯುವುದಿಲ್ಲ. ಬೀರುವಿನ ತಲೆಯ ಮೇಲಿಟ್ಟರೆ ಎರಡೂ ಕಡೆ ರೆಕ್ಕೆ ಹೊರಚಾಚುತ್ತದೆ. ರೆಕ್ಕೆ ಕೂಡಿಸಿದ ಮೇಲೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯಬೇಕೆಂದರೆ ಬಾಗಿಲಲ್ಲಿ ಓರೆ ಮಾಡಿ ತಿರುಗಿಸಿಯೇ ದಾಟಿಸಬೇಕು.

ಇದೇ ವಿಮಾನ ಚಿಕ್ಕ ಅಳತೆಯಲ್ಲಿ ಸಿಗುವುದಿಲ್ಲವೆಂದಲ್ಲ. ಮಾದರಿ ಕಿಟ್ ತಯಾರಿಸುವ ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ 1:72ರಲ್ಲಿ ತಂದಿತ್ತು, ಅಮೆರಿಕದ ಮೊನೊಗ್ರಾಮ್ 1970ರ ದಶಕದಲ್ಲಿ 1:48ರಲ್ಲಿ ತಂದಿತು. ಈಗ ಚೀನಾದ ಹಾಬಿ ಬಾಸ್ ಅದನ್ನು 1:32ಕ್ಕೆ ಬೆಳೆಸಿದೆ. 1:72 ಎಂಬ ಅಳತೆಗೆ ಯುದ್ಧದ ನಂಟಿದೆ. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಂದ ಮರದ ವಿಮಾನ ಮಾದರಿಗಳನ್ನು ಲಕ್ಷಗಟ್ಟಲೆ ಮಾಡಿಸಿಕೊಂಡಾಗ ಹಾಕಿದ್ದ ಷರತ್ತು ಅದೇ ಅಳತೆ. ಆ ಮಾದರಿಯನ್ನು 36 ಅಡಿ ದೂರದಲ್ಲಿ ಹಿಡಿದರೆ, ಅರ್ಧ ಮೈಲಿ ಆಚೆಗಿನ ನಿಜವಾದ ವಿಮಾನ ಕಂಡಂತೆ ಕಾಣುತ್ತದೆ. ಶತ್ರುವಿನದೋ ನಮ್ಮದೋ ಎಂದು ಗುರುತು ಹಿಡಿಯುವ ಅಭ್ಯಾಸಕ್ಕೆ ಅಷ್ಟು ಸಾಕು. ಆದರೆ ವಿಮಾನದ ಒಳಗೆ ಏನಿತ್ತು, ಮನುಷ್ಯ ಅಲ್ಲಿ ಹೇಗೆ ಕೂತಿದ್ದ ಎಂದು ತಿಳಿಯಬೇಕಾದರೆ ದೊಡ್ಡದೇ ಬೇಕು. 1:32ರಲ್ಲಿ ಆರಡಿ ಆಳು 5.7 ಸೆಂಟಿಮೀಟರ್ ಎತ್ತರ ನಿಲ್ಲುತ್ತಾನೆ. ಅವನ ಸೀಟಿನ ಬೆಲ್ಟಿಗೆ ಬಕಲ್ ಮಾಡಬಹುದು, ಅವನೆದುರಿನ ಗಡಿಯಾರಗಳಿಗೆ ಮುಳ್ಳು ಬರೆಯಬಹುದು.

ಬೆಂಗಳೂರಿನಲ್ಲಿ ಕೂತು ಬಾಂಬರ್ ಕಟ್ಟುವವರಿಗೆ ಲಿಬರೇಟರಿನ ಮೇಲೆ ಬೇರೆ ಯಾವ ವಿಮಾನದ ಮೇಲೂ ಇಲ್ಲದ ಹಕ್ಕಿದೆ ಎಂದು ನನ್ನ ನಂಬಿಕೆ. ಈ ಊರು ಅವುಗಳನ್ನು ಒಮ್ಮೆ ಮರಳಿ ಕಟ್ಟಿದೆ. ಪೆಟ್ಟಿಗೆಯ ಮೇಲೆ ಅಮೆರಿಕದ ನಕ್ಷತ್ರವೇ ಅಚ್ಚಾಗಿರಲಿ, ಒಳಗಿನ ಪ್ಲಾಸ್ಟಿಕ್ಕಿನಿಂದ ನಮ್ಮ ಊರಿನದೇ ಒಂದು ಕಥೆಯನ್ನು ಎತ್ತಿ ನಿಲ್ಲಿಸಬಹುದು.

ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು, ಅಂದರೆ ಇಂದಿನ ಎಚ್‌ಎಎಲ್ ಅನ್ನು, ಹುಟ್ಟುಹಾಕಿದ್ದು 1940ರ ಡಿಸೆಂಬರಿನಲ್ಲಿ. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ವಿಮಾನ ತಯಾರಿಸುವ ಕನಸಿನಿಂದ ಶುರುವಾದ ಕಾರ್ಖಾನೆ ಯುದ್ಧದ ಒತ್ತಡದಲ್ಲಿ ಬೇಗನೆ ರಿಪೇರಿ ಕೇಂದ್ರವಾಯಿತು. 1943ರಲ್ಲಿ ಅದರ ಉಸ್ತುವಾರಿ ಅಮೆರಿಕದ ವಾಯುಸೇನೆಯ ಕೈಗೆ ಹೋಯಿತು. ಕಾರ್ಖಾನೆ ಅವರ 84ನೇ ಏರ್ ಡಿಪೊ ಆಗಿ, ಬರ್ಮಾ ಮತ್ತು ಚೀನಾ ರಣರಂಗದಲ್ಲಿ ಜಖಂ ಆದ ವಿಮಾನಗಳು ಇಲ್ಲಿಗೆ ಬರತೊಡಗಿದವು. ಕ್ಯಾಟಲಿನಾ ಎಂಬ, ನೀರಿನ ಮೇಲೆ ಇಳಿಯುವ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಇಂದು ಆ ಕೆರೆಯ ನೊರೆಯನ್ನಷ್ಟೇ ಕಂಡವರಿಗೆ ನಂಬುವುದು ಕಷ್ಟ. ಎಂಜಿನ್ ಬಿಚ್ಚಿ ಕೂಡಿಸುವುದು, ಅಲ್ಯೂಮಿನಿಯಂ ತಗಡಿನ ತೂತಿಗೆ ತೇಪೆ ಹಾಕಿ ರಿವೆಟ್ ಹೊಡೆಯುವುದು, ಕೇಬಲ್ಲುಗಳನ್ನು ಬಿಗಿಮಾಡುವುದು, ಈ ಕೆಲಸಗಳೆಲ್ಲ ಊರಿನ ಹುಡುಗರ ಕೈಗೆ ಹತ್ತಿದ್ದು ಆ ವರ್ಷಗಳಲ್ಲಿ.

ಯುದ್ಧ ಮುಗಿಯಿತು. ಬ್ರಿಟಿಷ್ ವಾಯುಪಡೆ ಭಾರತದಲ್ಲಿ ಬಳಸಿದ್ದ ಲಿಬರೇಟರುಗಳು ಅಮೆರಿಕದಿಂದ ಲೆಂಡ್-ಲೀಸ್ ಒಪ್ಪಂದದ ಮೇಲೆ ಬಂದಿದ್ದವು. ಒಪ್ಪಂದದ ಪ್ರಕಾರ ಅವನ್ನು ಹಿಂದಿರುಗಿಸಬೇಕು, ಇಲ್ಲವೇ ಬಳಕೆಗೆ ಬಾರದಂತೆ ಮಾಡಬೇಕು. ನೂರರಷ್ಟು ವಿಮಾನಗಳನ್ನು ಕಾನ್ಪುರದ ಚಕೇರಿಯಲ್ಲಿ ಗುಡ್ಡೆಹಾಕಿ ಕೆಡಿಸಲಾಯಿತು. ಎಂಜಿನ್ನಿಗೆ ಮರಳು ಸುರಿದರು, ಉಪಕರಣಗಳನ್ನು ಒಡೆದರು, ಮೈಯನ್ನು ಜಜ್ಜಿದರು. ಸ್ವತಂತ್ರ ಭಾರತಕ್ಕೆ ಆಗ ಒಂದೂ ದೊಡ್ಡ ಬಾಂಬರ್ ಇರಲಿಲ್ಲ. ಆ ಗುಜರಿಯಿಂದ ಬಾಂಬರುಗಳನ್ನು ಎಬ್ಬಿಸಿಕೊಡುವ ಕೆಲಸ ಎಚ್‌ಎಎಲ್ ಪಾಲಿಗೆ ಬಂತು.

ಇಲ್ಲಿಂದ ಹೋದ ತಂಡ ಕಾನ್ಪುರದ ಬಯಲಲ್ಲೇ ಕೂತು, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹೇಗೋ ನೆಲ ಬಿಟ್ಟೇಳುವಷ್ಟು ಮಾತ್ರ ಸರಿಮಾಡುತ್ತಿತ್ತು. ಎಚ್‌ಎಎಲ್‌ನ ಪರೀಕ್ಷಾ ಪೈಲಟ್ ಜಮ್‌ಶೆದ್ ಮುನ್ಶಿ ಅದನ್ನು ಬೆಂಗಳೂರಿಗೆ ಹಾರಿಸಿ ತರುತ್ತಿದ್ದರು. ನೇರ ಗೆರೆ ಎಳೆದರೂ ದಾರಿ 1,500 ಕಿಲೋಮೀಟರ್. ಮರಳು ತಿಂದಿದ್ದ ಎಂಜಿನ್ನುಗಳು, ತೇಪೆ ಹಾಕಿದ ಮೈ, ಕೆಳಗೆ ವಿಂಧ್ಯ, ದಖನ್ನಿನ ಕಲ್ಲುಗಾಡು. ಮುನ್ಶಿಯವರ ಹೆಸರಿನಲ್ಲಿ ಈ ಊರಿನಲ್ಲೊಂದು ರಸ್ತೆ ಇರಬೇಕಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಹೀಗೆ ಬಂದ ನಲವತ್ತರಷ್ಟು ಲಿಬರೇಟರುಗಳು ಬೆಂಗಳೂರಿನ ಹ್ಯಾಂಗರಿನಲ್ಲಿ ಪೂರ್ತಿ ಬಿಚ್ಚಿಸಿಕೊಂಡು, ಸರಿಯಾಗಿ, ವಾಯುಪಡೆ ಸೇರಿದವು. 1948ರ ನವೆಂಬರ್ 2ರಂದು ಅವನ್ನಿಟ್ಟುಕೊಂಡೇ 5ನೇ ಸ್ಕ್ವಾಡ್ರನ್ ಹುಟ್ಟಿತು. ಮುಂದೆ 6ನೇ ಸ್ಕ್ವಾಡ್ರನ್ ಅವುಗಳಿಗೆ ರೇಡಾರ್ ಕೂಡಿಸಿ ಸಮುದ್ರ ಕಾಯಲು ಬಳಸಿತು. 5ನೇ ಸ್ಕ್ವಾಡ್ರನ್ 1957ರಲ್ಲಿ ಕ್ಯಾನ್‌ಬೆರಾ ಜೆಟ್ಟಿಗೆ ಬದಲಾದರೂ, ಕಡಲ ಮೇಲಿನ ಲಿಬರೇಟರುಗಳು 1968ರ ಕೊನೆಯವರೆಗೆ ಹಾರಿದವು. ಬೇರೆ ದೇಶಗಳು ಇವನ್ನು ಕರಗಿಸಿ ಪಾತ್ರೆ ಮಾಡಿ ಮುಗಿಸಿ ಎಷ್ಟೋ ವರ್ಷಗಳಾಗಿದ್ದವು.

ಅಷ್ಟು ದೀರ್ಘಕಾಲ ಹಾರಿದ್ದರಿಂದಲೇ ಇನ್ನೊಂದು ಲಾಭವಾಯಿತು. 18 ಸಾವಿರಕ್ಕೂ ಹೆಚ್ಚು ತಯಾರಾದ ಈ ವಿಮಾನದಲ್ಲಿ ಇಂದು ಇಡಿಯಾಗಿ ಉಳಿದಿರುವವು ಬಹಳ ಕಡಿಮೆ. ಆ ಉಳಿದವುಗಳಲ್ಲಿ ಹಲವು ಭಾರತದಿಂದ ಹೋದವು. ಕೆನಡಾದ ವಿಮಾನ ಮ್ಯೂಸಿಯಂನಲ್ಲಿ ಇರುವುದು ಒಂದು, ಬ್ರಿಟನ್ನಿನ ವಾಯುಪಡೆ ಮ್ಯೂಸಿಯಂನಲ್ಲಿ ಇನ್ನೊಂದು. 1969ರಲ್ಲಿ ಪುಣೆಯಿಂದ ಹೊರಟ ಒಂದು ವಿಮಾನ ಅಮೆರಿಕದ ಅರಿಜೋನಾದವರೆಗೆ ತಾನೇ ಹಾರಿಹೋಗಿ ಪಿಮಾ ಮ್ಯೂಸಿಯಂ ಸೇರಿತು. ಕಾಲಿಂಗ್ಸ್ ಫೌಂಡೇಷನ್ನಿನವರು ಮತ್ತೆ ಹಾರುವಂತೆ ಮಾಡಿ ಅಮೆರಿಕದ ಊರೂರು ತಿರುಗಿಸಿದ ಲಿಬರೇಟರ್ ಕೂಡ ನಮ್ಮ ವಾಯುಪಡೆಯದೇ. ಭಾರತದಲ್ಲಿ ಉಳಿದದ್ದು ದೆಹಲಿಯ ಪಾಲಂ ಮ್ಯೂಸಿಯಂನಲ್ಲಿದೆ, ಸಂಖ್ಯೆ ಎಚ್‌ಇ 924. ಇವಕ್ಕೆಲ್ಲ ಮರುಜೀವ ಕೊಟ್ಟ ಬೆಂಗಳೂರಿನಲ್ಲಿ ಒಂದೂ ಇಲ್ಲ. ಎಚ್‌ಎಎಲ್ ಹೆರಿಟೇಜ್ ಸೆಂಟರಿಗೆ ಹೋದರೆ ಮಾರುತ್ ಇದೆ, ಅಜೀತ್ ಇದೆ, ಕ್ಯಾನ್‌ಬೆರಾ ಕೂಡ ಇದೆ. ಲಿಬರೇಟರ್ ನಿಲ್ಲಬೇಕಾದ ಜಾಗ ಖಾಲಿ. ಒಂದು ಮೀಟರಿನ ಪ್ಲಾಸ್ಟಿಕ್ ಮಾದರಿ ಅದನ್ನು ತುಂಬಲಾರದು, ನಿಜ. ಆದರೆ ಆ ವಿಮಾನವನ್ನು ಕೈಯಾರೆ ಮುಟ್ಟಿ ತಿಳಿಯಲು ಈ ಊರಿನಲ್ಲಿ ಸದ್ಯಕ್ಕೆ ಇರುವ ದಾರಿ ಅದೊಂದೇ.

ಎಷ್ಟೋ ಲಿಬರೇಟರುಗಳು ಹುಟ್ಟಿದ್ದೂ ಕಿಟ್ ಆಗಿಯೇ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಮಿಶಿಗನ್ನಿನ ವಿಲ್ಲೋ ರನ್ ಎಂಬಲ್ಲಿ ಫೋರ್ಡ್ ಕಾರಿನ ಕಂಪನಿ ಕಟ್ಟಿದ ಕಾರ್ಖಾನೆ ತನ್ನ ಭರಾಟೆಯ ದಿನಗಳಲ್ಲಿ ಸುಮಾರು ಗಂಟೆಗೊಂದರಂತೆ ಈ ಬಾಂಬರನ್ನು ಹೊರತರುತ್ತಿತ್ತು. ಅದರ ಜೊತೆಗೆ ಸುಮಾರು 1,900 ವಿಮಾನಗಳನ್ನು ಬಿಡಿಭಾಗಗಳಾಗಿಯೇ ಉದ್ದನೆಯ ಲಾರಿಗಳಲ್ಲಿ ತುಂಬಿ ಟೆಕ್ಸಸ್ ಮತ್ತು ಒಕ್ಲಹೋಮಾಕ್ಕೆ ಕಳಿಸಿದರು, ಅಲ್ಲಿ ಜೋಡಿಸಿಕೊಂಡರು. ಹಾಗೆ ಜೋಡಿಸಲು ಸುಲಭವಾಗುವಂತೆ ಎಲ್ಲೆಲ್ಲಿ ವಿಮಾನವನ್ನು ತುಂಡು ಮಾಡಬೇಕೆಂದು ಆಗಿನ ಎಂಜಿನಿಯರುಗಳು ಯೋಚಿಸಿದ್ದರೋ, ಇಂದಿನ ಕಿಟ್ ತಯಾರಕರೂ ಅದೇ ಪ್ರಶ್ನೆಯೊಂದಿಗೆ ಕುಳಿತುಕೊಳ್ಳುತ್ತಾರೆ.

ಇನ್ನು ಕಟ್ಟುವ ವಿಷಯ. ಕಿಟ್‌ನ ಭಾಗಗಳು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನವು. ಕಾಯಿಸಿ ಕರಗಿಸಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ನುಗ್ಗಿಸಿ ತೆಗೆದ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ. ಕೈಯಿಂದ ಮುರಿಯಬಾರದು. ಸಣ್ಣ ಕಟ್ಟರಿನಿಂದ ತುಸು ದೂರದಲ್ಲಿ ಕತ್ತರಿಸಿ, ಉಳಿದ ಗಂಟನ್ನು ಬ್ಲೇಡಿನಿಂದ ಸವರಬೇಕು. ಇದಕ್ಕೆ ಬಳಸುವ ಅಂಟು ನಿಜವಾಗಿ ಅಂಟೇ ಅಲ್ಲ, ದ್ರಾವಕ. ಅದು ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಕರಗಿದ್ದು ಒಂದಕ್ಕೊಂದು ಬೆರೆತು ಗಟ್ಟಿಯಾಗುತ್ತದೆ. ಆದ್ದರಿಂದ ಬಣ್ಣ ಬಳಿದ ಮೇಲ್ಮೈಗೆ ಇದು ಹಿಡಿಯುವುದಿಲ್ಲ, ಕೂಡುವ ಅಂಚಿನ ಬಣ್ಣ ಕೆರೆಯಲೇಬೇಕು. ದ್ರಾವಕದ ಆವಿ ತಲೆಗೇರುತ್ತದೆ, ಕಿಟಕಿ ತೆರೆದಿರಲಿ.

ಬಾಂಬರಿಗೇ ವಿಶೇಷವಾದ ತೊಂದರೆ ತೂಕದ್ದು. ಲಿಬರೇಟರಿಗೆ ಮೂತಿಯ ಕೆಳಗೊಂದು ಚಕ್ರ, ರೆಕ್ಕೆಯ ಕೆಳಗೆ ಎರಡು. ಮೈಯ ಬಹುಪಾಲು ಈ ಹಿಂದಿನ ಎರಡು ಚಕ್ರಗಳಿಗಿಂತ ಹಿಂದೆಯೇ ಇದೆ. ಪ್ಲಾಸ್ಟಿಕ್ ಮಾದರಿಯನ್ನು ಹಾಗೇ ಕಟ್ಟಿ ನಿಲ್ಲಿಸಿದರೆ ಮೂತಿ ಎತ್ತಿ ಬಾಲದ ಮೇಲೆ ಕುಳಿತುಬಿಡುತ್ತದೆ. ಅದಕ್ಕೆ ಮೈಯ ಎರಡು ಹೋಳುಗಳನ್ನು ಅಂಟಿಸುವ ಮೊದಲೇ ಎಲ್ಲವನ್ನೂ ಟೇಪಿನಿಂದ ತಾತ್ಕಾಲಿಕವಾಗಿ ಜೋಡಿಸಿ, ಹಿಂದಿನ ಚಕ್ರಗಳ ರೇಖೆಯಲ್ಲಿ ಆನಿಸಿ, ಮೂತಿ ಕೆಳಗಿಳಿಯುವವರೆಗೆ ಸೀಸದ ಗುಂಡುಗಳನ್ನು ಹೇರುತ್ತ ನೋಡಬೇಕು. ಇಳಿದ ಮೇಲೂ ಒಂದಿಷ್ಟು ಹೆಚ್ಚಿಗೆ ಸೇರಿಸಬೇಕು, ಏಕೆಂದರೆ ಮುಂದೆ ಬರುವ ಬಣ್ಣ, ಬಾಲದ ಗನ್ನು, ಎಲ್ಲಕ್ಕೂ ತೂಕವಿದೆ. ಮೀನು ಹಿಡಿಯುವವರ ಗಾಳಕ್ಕೆ ಕಟ್ಟುವ ಸೀಸದ ಗುಂಡು ಇದಕ್ಕೆ ಹೇಳಿ ಮಾಡಿಸಿದ್ದು. ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯಬೇಕು.

ಆ ಗುಂಡುಗಳನ್ನು ಕೂರಿಸಲು ಬಿಳಿ ಫೆವಿಕಾಲ್‌ನಂಥ ಅಂಟು ಬಳಸಬೇಡಿ. ಅದು ಒಣಗುವಾಗ ಹೊರಡುವ ಆಮ್ಲ ಸೀಸವನ್ನು ನಿಧಾನವಾಗಿ ತಿನ್ನುತ್ತದೆ, ತಿಂದ ಸೀಸ ಬೂದಿಯಾಗಿ ಉಬ್ಬುತ್ತದೆ. ಮುಗಿದ ಮಾದರಿಯ ಮೂತಿ ವರ್ಷಗಳ ನಂತರ ಯಾರೂ ಮುಟ್ಟದೆಯೇ ಬಿರುಕು ಬಿಟ್ಟದ್ದುಂಟು. ಎಪಾಕ್ಸಿ ಆದರೆ ಆ ಭಯವಿಲ್ಲ. ಇಷ್ಟು ಭಾರ ಹೊತ್ತ ಪ್ಲಾಸ್ಟಿಕ್ ಕಾಲುಗಳು ಕೂಡ ಕಾಲಕ್ರಮೇಣ ಬಾಗುತ್ತವೆ. ಪಾಲಿಸ್ಟೈರೀನ್ ಮುರಿಯದೆ ಇದ್ದರೂ ಹೊರೆಯ ಕೆಳಗೆ ಮೆಲ್ಲಗೆ ಜಾರುತ್ತಲೇ ಇರುತ್ತದೆ. ಲೋಹದ ಕಾಲು ಹಾಕುವುದು ಶೋಕಿಯಲ್ಲ, ಅಗತ್ಯ.

ರೆಕ್ಕೆಯ ಹತ್ತಿರ ಬಂದಾಗ ಸ್ವಲ್ಪ ನಿಲ್ಲಬೇಕು. ಉದ್ದ ಹೆಚ್ಚು, ಅಗಲ ಕಡಿಮೆ, ಬುಡದಲ್ಲಿ ದಪ್ಪ. ಡೇವಿಡ್ ಡೇವಿಸ್ ಎಂಬಾತ ರೂಪಿಸಿದ ಈ ರೆಕ್ಕೆಯ ಅಡ್ಡಕೊಯ್ತವೇ ಲಿಬರೇಟರಿಗೆ ದೂರ ಹೋಗುವ ಶಕ್ತಿ ಕೊಟ್ಟದ್ದು. 1943ರಲ್ಲಿ ಅಟ್ಲಾಂಟಿಕ್ ಸಾಗರದ ನಡುವೆ ಯಾವ ವಿಮಾನವೂ ಮುಟ್ಟದ ಜಾಗದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಹಡಗುಗಳನ್ನು ಮುಳುಗಿಸುತ್ತಿದ್ದಾಗ, ಆ ಅಂತರವನ್ನು ಮುಚ್ಚಿದ್ದು ಇದೇ ರೆಕ್ಕೆ. ನಮ್ಮವರು ಇದನ್ನು ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿಯ ಕಾವಲಿಗೆ ಅಷ್ಟು ವರ್ಷ ಇಟ್ಟುಕೊಂಡದ್ದಕ್ಕೂ ಕಾರಣ ಅದೇ. ಮಾದರಿಯ ರೆಕ್ಕೆಯನ್ನು ಮೈಗೆ ಸೇರಿಸುವಾಗ ತುದಿಗಳೆರಡೂ ಮೇಜಿನಿಂದ ಒಂದೇ ಎತ್ತರದಲ್ಲಿವೆಯೇ ಎಂದು ಅಳೆಯುತ್ತಲೇ ಇರಬೇಕು. ಬುಡದಲ್ಲಿ ಕೂದಲೆಳೆಯ ವ್ಯತ್ಯಾಸವಾದರೆ ಅರ್ಧ ಮೀಟರ್ ಆಚೆಯ ತುದಿಯಲ್ಲಿ ಅದು ಎದ್ದು ಕಾಣುತ್ತದೆ. ಒಳಗಿನ ತೊಲೆಗಳನ್ನು ಕಿಟ್‌ನವರು ಕೊಟ್ಟಷ್ಟಕ್ಕೆ ಬಿಡದೆ ಹಿತ್ತಾಳೆಯ ಕೊಳವೆ ಸೇರಿಸಿ ಬಲಪಡಿಸುವುದು ಒಳ್ಳೆಯದು.

ಹೊಟ್ಟೆಯ ಭಾಗ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸುತ್ತದೆ. ಬೇರೆ ಬಹುತೇಕ ಬಾಂಬರುಗಳ ಬಾಂಬ್ ಬಾಗಿಲುಗಳು ಕೆಳಕ್ಕೆ ತೆರೆದು ಜೋತುಬೀಳುತ್ತವೆ. ಲಿಬರೇಟರಿನವು ಅಂಗಡಿಯ ರೋಲಿಂಗ್ ಶಟರಿನಂತೆ ಮೈಯ ಎರಡೂ ಬದಿಗೆ ಮೇಲಕ್ಕೆ ಸರಿಯುತ್ತವೆ, ಗಾಳಿಗೆ ಅಡ್ಡ ಬರುವುದಿಲ್ಲ. ತೆರೆದ ಬಾಗಿಲಿನ ನಡುವೆ ಮುಂದಿನಿಂದ ಹಿಂದಕ್ಕೆ ಹೋಗಲು ಒಂದು ಕಾಲುಹಲಗೆ. ಅಗಲ ಒಂಬತ್ತು ಅಂಗುಲ. ಮಾದರಿಯಲ್ಲಿ ಅದು ಏಳು ಮಿಲಿಮೀಟರ್. ಆ ಏಳು ಮಿಲಿಮೀಟರ್ ಪಟ್ಟಿಯನ್ನು ಚಿಮಟದಲ್ಲಿ ಹಿಡಿದು ಕೂರಿಸುವಾಗ, ಇದರ ಮೇಲೆ ಪ್ಯಾರಾಚೂಟ್ ಕಟ್ಟಿಕೊಂಡ ಹುಡುಗನೊಬ್ಬ ಕತ್ತಲಲ್ಲಿ, ಕೊರೆಯುವ ಚಳಿಯಲ್ಲಿ ನುಸುಳಬೇಕಿತ್ತು ಎಂಬುದು ಪುಸ್ತಕದಲ್ಲಿ ಓದಿದಾಗ ತಟ್ಟದಷ್ಟು ತಟ್ಟುತ್ತದೆ.

ಹೊಟ್ಟೆಯೊಳಗೆ ಬಾಂಬ್ ಇಡುವಾಗ ಒಳಗಿದ್ದವರನ್ನೂ ಕೆಳಗಿದ್ದವರನ್ನೂ ನೆನೆಯಬೇಕು. 1943ರ ಆಗಸ್ಟ್ 1ರಂದು ರುಮೇನಿಯಾದ ಪ್ಲೊಯೆಸ್ಟಿ ತೈಲಾಗಾರಗಳ ಮೇಲೆ ಮರದೆತ್ತರದಲ್ಲಿ ಹಾರಿ ದಾಳಿ ಮಾಡಲು 177 ಲಿಬರೇಟರುಗಳು ಹೊರಟವು, ಐವತ್ತಕ್ಕೂ ಹೆಚ್ಚು ವಿಮಾನಗಳು ನಾಶವಾದವು. ಬಂಗಾಳದ ನೆಲೆಗಳಿಂದ ಹೊರಟ ಲಿಬರೇಟರುಗಳು ಬರ್ಮಾ-ಸಯಾಂ ರೈಲುದಾರಿಯ ಮೇಲೆ ಬಾಂಬ್ ಹಾಕಿದಾಗ, ಆ ದಾರಿ ಹಾಕಲು ಜಪಾನಿಯರು ದುಡಿಸಿಕೊಂಡಿದ್ದ ಯುದ್ಧಕೈದಿಗಳೂ ಸತ್ತರು. ಬಾಂಬರ್ ಕಟ್ಟುವವರಿಗೆ ಇದು ಗೊತ್ತಿರಬೇಕು. ನಾನು ಬಾಗಿಲು ತೆರೆದಿಟ್ಟು, ಬಾಂಬಿನ ಕೊಕ್ಕೆಗಳನ್ನು ಖಾಲಿ ಬಿಡುವ ಪಕ್ಷದವನು. ಆಗ ಆ ಕಾಲುಹಲಗೆ ಎಲ್ಲರ ಕಣ್ಣಿಗೂ ಬೀಳುತ್ತದೆ.

ಮೈಯ ಎರಡು ಹೋಳು ಸೇರಿದ ಗೆರೆಯನ್ನು ಅಳಿಸುವ ಕೆಲಸ ಬೇಸರದ್ದು. ಪುಟ್ಟಿ ತುಂಬಿ, ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರ್ ಹಾಕಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಉಜ್ಜಬೇಕು. ಉಜ್ಜುವಾಗ ಅಳಿದ ರಿವೆಟ್ ಸಾಲುಗಳನ್ನು ಸೂಜಿಯಿಂದ ಮರಳಿ ಚುಚ್ಚಬೇಕು. ಹಸಿರು ಬಣ್ಣದ ಯುದ್ಧ ವಿಮಾನವಾದರೆ ಒಂದಿಷ್ಟು ಕೊರತೆ ಮುಚ್ಚಿಹೋಗುತ್ತದೆ. ಭಾರತದ ಲಿಬರೇಟರಿಗೆ ಆ ರಿಯಾಯಿತಿ ಇಲ್ಲ. ಫೋಟೋಗಳಲ್ಲಿ ಕಾಣುವುದು ಹೊಳೆಯುವ ಲೋಹದ ಮೈ, ಅದರ ಮೇಲೆ ಒಂದು ಗೀರು ಬಿದ್ದರೂ ಬಣ್ಣ ಅದನ್ನು ಹತ್ತು ಪಟ್ಟು ಮಾಡಿ ತೋರಿಸುತ್ತದೆ. ಮೊದಲು ಹೊಳಪಿನ ಕಪ್ಪು, ಅದರ ಮೇಲೆ ಏರ್‌ಬ್ರಷ್‌ನಿಂದ ತೆಳ್ಳಗೆ ಅಲ್ಯೂಮಿನಿಯಂ ಲ್ಯಾಕರ್. ತಗಡು ತಗಡಿಗೂ ಒಂದಿಷ್ಟು ಛಾಯೆ ಬದಲಿಸಬೇಕು. ಬೆಂಗಳೂರಿನ ವಿಮಾನಗಳಿಗೆ ಇದು ಇನ್ನೂ ಒಪ್ಪುತ್ತದೆ. ಒಂದರ ಭಾಗ ಇನ್ನೊಂದಕ್ಕೆ ಹಾಕಿ ಎದ್ದ ವಿಮಾನದ ಮೈ ಒಂದೇ ಬಣ್ಣಕ್ಕೆ ಹೊಳೆಯಲು ಹೇಗೆ ಸಾಧ್ಯ?

ಲ್ಯಾಕರ್ ಬಳಿಯುವವರಿಗೆ ಈ ಊರಿನ ಹವೆ ಗೊತ್ತಿರಬೇಕು. ಜಡಿಮಳೆಯ ದಿನಗಳಲ್ಲಿ ಗಾಳಿಯ ತೇವ ಒಣಗುವ ಪದರದೊಳಗೆ ಸಿಕ್ಕಿ ಮೇಲ್ಮೈ ಬೆಳ್ಳಗೆ ಮಂಜಾಗುತ್ತದೆ. ಬೇಸಿಗೆಯಲ್ಲಿ ಬನ್ನೇರುಘಟ್ಟ ರಸ್ತೆಯ ಧೂಳು. ಸಂಕ್ರಾಂತಿಯ ಆಸುಪಾಸಿನ ಒಣ ಮಧ್ಯಾಹ್ನಗಳು, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡರೆ, ಪ್ರಶಸ್ತ. ಬಟ್ಟೆಯ ಮಾಸ್ಕ್ ಸಾಲದು. ಆವಿ ತಡೆಯುವ ಫಿಲ್ಟರ್ ಇರುವ ಮಾಸ್ಕೇ ಬೇಕು, ಮನೆಯಲ್ಲಿ ಮಕ್ಕಳಿದ್ದರೆ ಬಾಲ್ಕನಿಯಲ್ಲೇ ಕೆಲಸ.

ಕೊನೆಗೆ ಗುರುತುಗಳು. ಪೆಟ್ಟಿಗೆಯಲ್ಲಿ ಬರುವ, ಅಂಟಿಸುವ ಗುರುತುಗಳ ಡೆಕಾಲ್ ಹಾಳೆ ಅಮೆರಿಕದ್ದು. ನಮ್ಮ ವೃತ್ತಗಳನ್ನು ನಾವೇ ವೃತ್ತ ಕೊರೆಯುವ ಉಪಕರಣದಲ್ಲಿ ಮಾಸ್ಕ್ ಮಾಡಿ ಬಳಿಯಬೇಕು. ಲೋಹದ ಬಣ್ಣದ ಮೇಲೆ ಕೇಸರಿ ನೇರವಾಗಿ ಬಳಿದರೆ ಮಂಕಾಗುತ್ತದೆ, ಅಡಿಯಲ್ಲಿ ಬಿಳಿ ಇರಲೇಬೇಕು. ಅದಕ್ಕೂ ಮೊದಲು ವಿಮಾನ ಯಾವ ವರ್ಷದ್ದು ಎಂದು ತೀರ್ಮಾನವಾಗಿರಬೇಕು. ಸ್ವಾತಂತ್ರ್ಯದ ಮೊದಲ ವರ್ಷಗಳಲ್ಲಿ ವಾಯುಪಡೆಯ ಗುರುತು ಬಿಳಿಯ ಮೇಲೆ ನೀಲಿ ಅಶೋಕ ಚಕ್ರ. 1950ರಿಂದ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರಿನ ಇಂದಿನ ವೃತ್ತ. 1948ರಲ್ಲಿ ಎಚ್‌ಎಎಲ್ ಹ್ಯಾಂಗರಿನಿಂದ ಆಗ ತಾನೇ ಹೊರಬಂದ ವಿಮಾನ ಬೇಕಾದರೆ ಚಕ್ರ, ಕಡಲ ಮೇಲೆ ರೇಡಾರ್ ಹೊತ್ತು ತಿರುಗಿದ್ದು ಬೇಕಾದರೆ ತ್ರಿವರ್ಣ. ನನ್ನ ಮನಸ್ಸು ಚಕ್ರದ ಕಡೆಗೇ. ಕಾನ್ಪುರದ ಮರಳಿನಿಂದ ಎದ್ದುಬಂದ ಆ ಮೊದಲ ಗುಂಪೇ ಈ ಊರಿನ ಕೈಕೆಲಸಕ್ಕೆ ಅತ್ಯಂತ ಹತ್ತಿರದ್ದು.

ಆದರೆ ಚಕ್ರದ ಗುರುತಿನ ಕಾಲ ಬಹಳ ಚಿಕ್ಕದು, ಫೋಟೋಗಳು ಕಡಿಮೆ. ಯಾವ ಗನ್ ಗೋಪುರ ಉಳಿಸಿದ್ದರು, ಎಲ್ಲಿ ತಗಡು ಹೊಡೆದು ಮುಚ್ಚಿದ್ದರು, ಮೈಮೇಲಿನ ಎಚ್‌ಇ ಸಂಖ್ಯೆಯ ಅಕ್ಷರ ಎಷ್ಟು ಎತ್ತರವಿತ್ತು, ಒಂದೊಂದು ವಿಮಾನಕ್ಕೂ ಬೇರೆ ಬೇರೆ. ಇದನ್ನು ಹೇಳಬಲ್ಲದ್ದು ಆ ವಿಮಾನದ್ದೇ ಫೋಟೋ ಮಾತ್ರ. ವಿಮಾನಪುರ, ಮುರುಗೇಶಪಾಳ್ಯ, ಜಯನಗರ, ಬಸವನಗುಡಿಯ ಹಳೆಯ ಮನೆಗಳಲ್ಲಿ ಅಜ್ಜನೋ ಮುತ್ತಜ್ಜನೋ ‘ಏರ್‌ಕ್ರಾಫ್ಟ್ ಫ್ಯಾಕ್ಟರಿ’ಯಲ್ಲಿ ದುಡಿದ ಕುಟುಂಬಗಳು ಇನ್ನೂ ಇವೆ. ಅವರ ಟ್ರಂಕಿನಲ್ಲಿ, ಮದುವೆಯ ಆಲ್ಬಮ್ಮಿನ ಹಿಂದಿನ ಪುಟದಲ್ಲಿ, ನಾಲ್ಕು ಎಂಜಿನ್ನಿನ, ಎರಡು ಬಾಲದ ವಿಮಾನದ ಮುಂದೆ ಸಾಲಾಗಿ ನಿಂತವರ ಚಿತ್ರವೊಂದು ಇದ್ದರೆ ದಯವಿಟ್ಟು ಅದನ್ನು ಸ್ಕ್ಯಾನ್ ಮಾಡಿಸಿಡಿ, ನಿಂತವರ ಹೆಸರನ್ನು ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಸಂಖ್ಯೆ ಕಾಣುವಂತಿದ್ದರೆ, ಎಚ್‌ಎಎಲ್ ಹೆರಿಟೇಜ್ ಸೆಂಟರಿಗೆ ಒಂದು ಪ್ರತಿ ಕೊಡಿ.